ರಾಜ್ಯ ಕಟ್ಟುವ ನಿಯಮ: ಹಳೆಯದೋ, ತಿದ್ದಿದ್ದೋ, ಹೊಸದೋ?

ಪ್ರಶ್ನೆ: ಸರ್, ನಾವು ಬೀದರಿನ ಐವರು ಗೆಳೆಯರು. ನಾನು ಜಿಎಂ, ಅಂದರೆ ಆಟ ನಡೆಸುವವನು, ಉಳಿದ ನಾಲ್ವರು ಪ್ಲೇಯರ್‌ಗಳು. ಒಂದೂವರೆ ವರ್ಷದಿಂದ ಭಾನುವಾರ ಮಧ್ಯಾಹ್ನ ಪಾಥ್‌ಫೈಂಡರ್ ಎಂಬ ಮೇಜಿನ ಆಟದ ಮೊದಲ ಆವೃತ್ತಿ ಆಡುತ್ತಿದ್ದೇವೆ. ಕಿಂಗ್‌ಮೇಕರ್ ಕಥೆಯನ್ನೇ ಹಿಡಿದು, ನಕ್ಷೆಯನ್ನು ಮಾತ್ರ ನಮ್ಮ ಕಡೆಯದು ಮಾಡಿಕೊಂಡಿದ್ದೇವೆ. ಮಾಂಜ್ರಾ ನದಿ, ಬೀದರ್ ಕೋಟೆ, ಬಸವಕಲ್ಯಾಣದ ದಾರಿ ಎಲ್ಲ ಇದೆ. ರಾಜ್ಯ ನಡೆಸಲು 2010ರ ಹಳೆಯ ನಿಯಮ ಬಳಸುತ್ತಿದ್ದೇವೆ. ಈಗ ರಾಜ್ಯ ನಕ್ಷೆಯಲ್ಲಿ 22 ಹೆಕ್ಸ್ (ಮನೆ) ಆಗಿದೆ. ರಾಜಧಾನಿಯಲ್ಲಿ ಎರಡು ಡಿಸ್ಟ್ರಿಕ್ಟ್ (ಬಡಾವಣೆ), ಒಂಬತ್ತು ಫಾರ್ಮ್, ಆರ್ಥಿಕ ಬಲದ ಅಂಕಿ ಎಕಾನಮಿ +35. ಖಜಾನೆಯಲ್ಲಿ 190 ಬಿಪಿ (ಬಿಲ್ಡ್ ಪಾಯಿಂಟ್) ದುಡ್ಡು ಸುಮ್ನೆ ಕೂತಿದೆ. ಖಜಾಂಚಿ ಪಾತ್ರ ಆಡುವ ಗೆಳೆಯ ಪ್ರತಿ ತಿಂಗಳೂ ಊರಿನ ಮಾಂತ್ರಿಕ ವಸ್ತುಗಳನ್ನು ಮಾರಿ ಬಿಪಿ ತರುತ್ತಾನೆ. ಅವನು ಲೆಕ್ಕ ಮಾಡುವಾಗ ಉಳಿದ ಮೂವರು ಮೊಬೈಲ್ ನೋಡುತ್ತಾ ಕೂರುತ್ತಾರೆ. ಒಬ್ಬ 2013ರ ಅಲ್ಟಿಮೇಟ್ ಕ್ಯಾಂಪೇನ್ ನಿಯಮಕ್ಕೆ ಹೋಗೋಣ ಅಂತಾನೆ. ಇನ್ನೊಬ್ಬ ಕಿಂಗ್‌ಮೇಕರ್ ಕಂಪ್ಯೂಟರ್ ಗೇಮ್ ಆಡಿದವನು. 2022ರ ಹೊಸ ಪುಸ್ತಕವೇ ಸರಿ, ಅದರಲ್ಲಿ ಎಲ್ಲ ಸರಿ ಮಾಡಿದ್ದಾರೆ ಅಂತಾನೆ. ಖಜಾಂಚಿಗೆ ಯಾವ ಬದಲಾವಣೆಯೂ ಬೇಡ. ಅರ್ಧ ದಾರಿಯಲ್ಲಿ ನಿಯಮ ಬದಲಿಸಿದರೆ ಇಷ್ಟು ದಿನ ಆಡಿದ್ದು ಸುಳ್ಳಾಗುವುದಿಲ್ಲವೇ? ಯಾವುದನ್ನು ಹಿಡಿಯಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆ ಒಂದರೊಳಗೊಂದು ಸೇರಿಕೊಂಡಿವೆ. ಒಂದು, ರಾಜ್ಯದ ದುಡ್ಡು ಕೈ ಮೀರಿ ಬೆಳೆಯುತ್ತಿದೆ. ಇನ್ನೊಂದು, ರಾಜ್ಯದ ಲೆಕ್ಕ ಶುರುವಾದ ಕೂಡಲೇ ಮೂರು ಜನಕ್ಕೆ ಕೆಲಸ ಇಲ್ಲ. ಮೊದಲನೆಯದಕ್ಕೆ ಪುಸ್ತಕ ಬದಲಿಸಿದರೆ ಉಪಯೋಗ ಇದೆ. ಎರಡನೆಯದಕ್ಕೆ ಯಾವ ಪುಸ್ತಕ ತಂದರೂ ಪೂರ್ತಿ ಪರಿಹಾರ ಸಿಗುವುದಿಲ್ಲ. ಕಲಬುರಗಿಯಲ್ಲಿ ನಾನು ನಡೆಸುವ ಟೇಬಲ್‌ಗಳಲ್ಲಿ ರಾಜ್ಯ ಕಟ್ಟುವ ಆಟ ನಿಂತುಹೋದದ್ದನ್ನು ನೋಡಿದ್ದೇನೆ. ಬಹುಪಾಲು ಸಲ ಅದು ನಿಂತದ್ದು ಎರಡನೆಯ ಕಾರಣಕ್ಕೆ. ಅದಕ್ಕೇ ಎರಡನ್ನೂ ಬಿಡಿಸಿ ಹೇಳುತ್ತೇನೆ.

ಈ ಆಟ ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ಇದು ಮೇಜಿನ ಸುತ್ತ ಕೂತು, ಡೈಸ್ ಹಾಕುತ್ತಾ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ನಡೆಸುವ ಆಟ. ಜಿಎಂ ಲೋಕವನ್ನೂ ಶತ್ರುಗಳನ್ನೂ ನಡೆಸುತ್ತಾರೆ. ಕಿಂಗ್‌ಮೇಕರ್ ಎನ್ನುವುದು ಪೈಜೊ ಕಂಪನಿ 2010ರಲ್ಲಿ ಆರು ಭಾಗಗಳಲ್ಲಿ ತಂದ ದೊಡ್ಡ ಕಥೆ. ಅದರಲ್ಲಿ ಆಟಗಾರರು ಕಾಡು ಸವರಿ, ಊರು ಕಟ್ಟಿ, ರಾಜ್ಯ ಆಳುತ್ತಾರೆ. ನಕ್ಷೆಯಲ್ಲಿ ಆರು ಮೂಲೆಯ ಮನೆಗಳಿರುತ್ತವೆ, ಅವೇ ಹೆಕ್ಸ್. ಒಂದು ಹೆಕ್ಸ್ 12 ಮೈಲಿ, ಅಂದರೆ ಸುಮಾರು 19 ಕಿ.ಮೀ. ಬೀದರಿನಿಂದ ಕಲಬುರಗಿಗೆ ನೇರ ಗೆರೆ ಎಳೆದರೆ ಐದು ಹೆಕ್ಸ್. ನಿಮ್ಮ 22 ಹೆಕ್ಸ್ ರಾಜ್ಯ ಹೆಚ್ಚೂಕಡಿಮೆ ಇಡೀ ಬೀದರ್ ಜಿಲ್ಲೆಯಷ್ಟು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈಗ ನಿಮ್ಮ ಮೇಜಿನ ಮೇಲೆ ಓಡಾಡುತ್ತಿರುವ ಕೆಲವು ತಪ್ಪು ನಂಬಿಕೆಗಳನ್ನು ಮೊದಲು ತೆಗೆದುಹಾಕೋಣ.

ಹೊಸ ಪುಸ್ತಕ ಅಂದರೆ ಹಳೆಯದರ ತಿದ್ದುಪಡಿ ಎಂಬುದು ಮೊದಲನೆಯದು. 2013ರದ್ದಕ್ಕೆ ಈ ಮಾತು ಸರಿ. ಅಲ್ಟಿಮೇಟ್ ಕ್ಯಾಂಪೇನ್ 2010ರ ನಿಯಮವನ್ನೇ ಎದುರಿಗಿಟ್ಟುಕೊಂಡು ತಿದ್ದಿ ಬರೆದದ್ದು. ಅದೇ ಎಕಾನಮಿ, ಲಾಯಲ್ಟಿ (ಜನರ ನಿಷ್ಠೆ), ಸ್ಟೆಬಿಲಿಟಿ (ರಾಜ್ಯದ ಭದ್ರತೆ) ಎಂಬ ಮೂರು ಅಂಕಿ. ಅದೇ ಬಿಲ್ಡ್ ಪಾಯಿಂಟ್. ಅದೇ ತಿಂಗಳಿಗೊಂದು ಸರದಿ. 2022ರದ್ದು ಹಾಗಲ್ಲ. 2019ರಲ್ಲಿ ಬಂದ ಪಾಥ್‌ಫೈಂಡರ್ ಎರಡನೆಯ ಆವೃತ್ತಿಗೆಂದು ಅದನ್ನು ಬೇರೆಯಾಗಿ ಬರೆದಿದ್ದಾರೆ. ಅಲ್ಲಿ ರಾಜ್ಯಕ್ಕೇ 1ರಿಂದ 20ರವರೆಗೆ ಲೆವೆಲ್ ಇದೆ, 16 ಸ್ಕಿಲ್‌ಗಳಿವೆ. ಕಲ್ಚರ್ ಎಂಬ ನಾಲ್ಕನೆಯ ಅಂಕಿ ಸೇರಿದೆ. ಭ್ರಷ್ಟಾಚಾರ, ಅಪರಾಧ, ಶಿಥಿಲತೆ, ಕಲಹ ಅಂತ ನಾಲ್ಕು ಬಗೆಯ ಹಾನಿಯನ್ನು ಬೇರೆಬೇರೆ ಎಣಿಸಬೇಕು. ಬಿಲ್ಡ್ ಪಾಯಿಂಟ್ ಇಲ್ಲವೇ ಇಲ್ಲ. ಅದರ ಬದಲು ರಿಸೋರ್ಸ್ ಡೈಸ್ ಹಾಕಿ ಬಂದ ಪಾಯಿಂಟ್, ಜೊತೆಗೆ ಆಹಾರ, ಮರ, ಅದಿರು, ಕಲ್ಲು, ಐಷಾರಾಮಿ ಸರಕು. ಹೆಸರು ಒಂದೇ, ಆಟ ಬೇರೆ.

ಕಂಪ್ಯೂಟರ್ ಗೇಮ್ ಆಡಿದವನಿಗೆ ಪುಸ್ತಕದ ನಿಯಮವೂ ಗೊತ್ತು ಎಂಬುದು ಎರಡನೆಯದು. ಔಲ್‌ಕ್ಯಾಟ್ ಗೇಮ್ಸ್ 2018ರಲ್ಲಿ ತಂದ ಆ ಗೇಮ್ ಕಥೆಯನ್ನು ಇಲ್ಲಿಂದಲೇ ತೆಗೆದುಕೊಂಡಿದೆ. ಆದರೆ ರಾಜ್ಯ ನಡೆಸುವ ರೀತಿ ಅದರದ್ದೇ. ಅಲ್ಲಿ ಸಲಹೆಗಾರರನ್ನು ಕೆಲಸಕ್ಕೆ ಹಚ್ಚಿ ದಿನ ಎಣಿಸುತ್ತೀರಿ, ಲೆಕ್ಕವನ್ನೆಲ್ಲ ಕಂಪ್ಯೂಟರ್ ಮಾಡುತ್ತದೆ. ನಿಮ್ಮ ಗೆಳೆಯನಿಗೆ ಅದು ಇಷ್ಟವಾಗಿದ್ದಕ್ಕೆ ಕಾರಣ ಇದ್ದೇ ಇರುತ್ತದೆ. ಏನು ಇಷ್ಟವಾಯಿತು ಅಂತ ಅವನನ್ನು ಕೇಳಿ. ಆಸ್ಥಾನದಲ್ಲಿ ಕೂತು ತೀರ್ಪು ಕೊಡುವುದು ಅಂದರೆ, ಅದು ನಿಮ್ಮ ಟೇಬಲ್‌ಗೂ ಸುಲಭವಾಗಿ ಬರುತ್ತದೆ, ಯಾವ ಪುಸ್ತಕ ಹಿಡಿದರೂ.

ಇನ್ನೊಂದು ನಂಬಿಕೆ ನಿಮ್ಮ ಪತ್ರದಲ್ಲೇ ಇದೆ: ಬಿಪಿಯನ್ನು 'ದುಡ್ಡು' ಅಂದಿದ್ದೀರಿ. ಬಿಪಿ ಅಂದರೆ ಚಿನ್ನದ ನಾಣ್ಯದ ಚೀಲ ಅಲ್ಲ. ಕೂಲಿ, ಕಲ್ಲು, ಮರ, ಧಾನ್ಯ, ಜನ ಬಂದು ದುಡಿಯುವ ಮನಸ್ಸು ಎಲ್ಲ ಸೇರಿದ ಒಂದು ಅಂಕಿ ಅದು. ಅದಕ್ಕೇ ನಿಯಮ ಎರಡು ದರ ಇಟ್ಟಿದೆ. ಪಾತ್ರಗಳು ತಮ್ಮ ಸ್ವಂತ ಚಿನ್ನ ಹಾಕಿದರೆ 4,000 ನಾಣ್ಯಕ್ಕೆ 1 ಬಿಪಿ. ಖಜಾನೆಯಿಂದ ಸ್ವಂತಕ್ಕೆ ತೆಗೆದರೆ 1 ಬಿಪಿಗೆ ಸಿಗುವುದು 2,000 ಮಾತ್ರ, ಮೇಲೆ ಜನರ ಅಸಮಾಧಾನ ಬೇರೆ. ಖಜಾಂಚಿಯ ಜೊತೆ ಮಾತಾಡುವಾಗ ಈ ವಿಷಯ ಕೆಲಸಕ್ಕೆ ಬರುತ್ತದೆ.

ಈಗ ಮುಖ್ಯ ವಿಷಯ. ದುಡ್ಡು ಯಾಕೆ ಉಕ್ಕುತ್ತಿದೆ? ನಿಮ್ಮ ಅಂಕಿಗಳನ್ನೇ ಹಿಡಿದು ಒಂದು ತಿಂಗಳ ಲೆಕ್ಕ ಹಾಕೋಣ. ಪೆನ್ನು ತಗೊಳ್ಳಿ.

ಖರ್ಚು ಮೊದಲು. 22 ಹೆಕ್ಸ್, 2 ಡಿಸ್ಟ್ರಿಕ್ಟ್, ಕೂಡಿದರೆ 24. ಒಂದು ಫಾರ್ಮ್ 2 ಕಳೆಯುತ್ತದೆ, ಒಂಬತ್ತಕ್ಕೆ 18. ಉಳಿದದ್ದು 6 ಬಿಪಿ. ಹಬ್ಬ, ಪ್ರಚಾರ, ತೆರಿಗೆಯ ಆಜ್ಞೆಗಳಿಂದಾಗುವ ಏರಿಳಿತವನ್ನು ಸದ್ಯಕ್ಕೆ ಬಿಡಿ.

ಇನ್ನು ಆದಾಯ. 2010ರ ನಿಯಮದಲ್ಲಿ ಎಕಾನಮಿ ಚೆಕ್, ಅಂದರೆ ಇಪ್ಪತ್ತು ಮುಖದ ಡೈಸ್ ಹಾಕಿ ಬಂದದ್ದಕ್ಕೆ ಎಕಾನಮಿ ಸೇರಿಸಿ ಗುರಿ ಮುಟ್ಟುವ ಪರೀಕ್ಷೆ, ಗೆದ್ದರೆ ಬಂದ ಸಂಖ್ಯೆಯನ್ನು 5ರಿಂದ ಭಾಗಿಸಬೇಕು. ಡೈಸ್‌ನಲ್ಲಿ 10 ಬಿತ್ತು ಅನ್ನಿ. 10ಕ್ಕೆ 35 ಸೇರಿ 45. ಐದರಿಂದ ಭಾಗಿಸಿದರೆ 9 ಬಿಪಿ. ಖರ್ಚು ಕಳೆದು ಕೈಗೆ ಉಳಿದದ್ದು 3. ಅಂದರೆ ಇಡೀ ರಾಜ್ಯದ ತೆರಿಗೆಯಿಂದ ತಿಂಗಳಿಗೆ ಮೂರೇ ಬಿಪಿ. ಒಂದು ಮನೆ ಕಟ್ಟಲು ಸಾಕು, ಅಷ್ಟೇ.

ಈಗ ನಿಮ್ಮ ಖಜಾಂಚಿ ಎದ್ದು ನಿಲ್ಲುತ್ತಾನೆ. 2010ರ ನಿಯಮ ಊರಿನ ಅಂಗಡಿಗಳಲ್ಲಿರುವ ಮಾಂತ್ರಿಕ ವಸ್ತುಗಳನ್ನೂ ರಾಜ್ಯದ ಹೆಸರಲ್ಲಿ ಮಾರಲು ಬಿಡುತ್ತದೆ. ಪ್ರತಿ ಡಿಸ್ಟ್ರಿಕ್ಟ್‌ಗೆ ತಿಂಗಳಿಗೆ ಒಂದು ಪ್ರಯತ್ನ. ಸಣ್ಣ ವಸ್ತುವಿಗೆ ಡಿಸಿ (ಮುಟ್ಟಬೇಕಾದ ಅಂಕಿ) 20, ಸಿಗುವುದು 2 ಬಿಪಿ. ಮಧ್ಯಮಕ್ಕೆ ಡಿಸಿ 35, ಸಿಗುವುದು 8. ದೊಡ್ಡದಕ್ಕೆ ಡಿಸಿ 50, ಸಿಗುವುದು 15. ಎಕಾನಮಿ +35 ಇದ್ದವನಿಗೆ ಡಿಸಿ 35 ಅಂದರೆ ಡೈಸ್‌ನಲ್ಲಿ 1 ಬೀಳದಿದ್ದರೆ ಗೆಲುವು ಖಚಿತ. ದೊಡ್ಡ ವಸ್ತುವಿಗೆ 15 ಅಥವಾ ಮೇಲೆ ಬೀಳಬೇಕು, ಹತ್ತರಲ್ಲಿ ಮೂರು ಸಲ ಮಾತ್ರ ಆಗುತ್ತದೆ. ಹಾಗಾಗಿ ಅವನು ಮಧ್ಯಮದ್ದನ್ನೇ ಮಾರುತ್ತಿರಬೇಕು. 30 ಬಿಪಿ ಕೊಟ್ಟು ಮಂತ್ರವಾದಿಯ ಗೋಪುರ ಕಟ್ಟಿದರೆ ಅದರಲ್ಲೇ ಮಧ್ಯಮ ವಸ್ತುವಿಗೆ ಎರಡು ಜಾಗ ಇದೆ, ಖಾಲಿಯಾದ ಜಾಗ ಮುಂದಿನ ತಿಂಗಳುಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಎರಡು ಡಿಸ್ಟ್ರಿಕ್ಟ್, ಎರಡು ಮಾರಾಟ, 16 ಬಿಪಿ.

ತೆರಿಗೆಯಿಂದ ಉಳಿಯುವುದು 3, ಅಂಗಡಿಯಿಂದ 16. ಒಟ್ಟು 19. ನಿಮ್ಮ ರಾಜ್ಯ ರೈತರಿಂದ ನಡೆಯುತ್ತಿಲ್ಲ, ಗೋಪುರಗಳಿಂದ ನಡೆಯುತ್ತಿದೆ. ಒಂಬತ್ತು ಫಾರ್ಮ್ ಕಟ್ಟಿದ ಪ್ಲೇಯರ್‌ಗೆ ತನ್ನ ಕೆಲಸಕ್ಕೆ ಬೆಲೆ ಇಲ್ಲ ಅನಿಸಿದರೆ ಆಶ್ಚರ್ಯ ಏನು? ಅವನು ಮೊಬೈಲ್ ತೆಗೆಯುವುದು ಅಲ್ಲಿಂದಲೇ ಶುರುವಾಗಿರಬಹುದು.

ಇದು ಇನ್ನೂ ಬೆಳೆಯುತ್ತದೆ. ನಾಳೆ ನಿಮ್ಮದು 40 ಹೆಕ್ಸ್, 4 ಡಿಸ್ಟ್ರಿಕ್ಟ್, ಎಕಾನಮಿ +70 ಆಯಿತು ಅನ್ನಿ. ಆಗ ದೊಡ್ಡ ವಸ್ತುವಿನ ಡಿಸಿ 50 ಕೂಡ ಕೈಗೆ ಸಿಕ್ಕಂತೆ. ಅಂಗಡಿಯಲ್ಲಿ ಸರಕು ಇದ್ದರೆ ನಾಲ್ಕು ಡಿಸ್ಟ್ರಿಕ್ಟ್‌ಗೆ 60 ಬಿಪಿ. ಅದೇ ತಿಂಗಳ ತೆರಿಗೆ 16. ಅಲ್ಲಿಗೆ ರಾಜ್ಯ ಆಳುವ ಆಟ ಮುಗಿದಂತೆ, ಮಾರಾಟದ ಆಟ ಮಾತ್ರ ಉಳಿಯುತ್ತದೆ.

ಖಜಾಂಚಿ ಮಾಡುತ್ತಿರುವುದು ಮೋಸ ಅಲ್ಲ. ನಿಯಮದಲ್ಲಿ ಬರೆದದ್ದನ್ನು ಓದಿ, ಸರಿಯಾಗಿ ಲೆಕ್ಕ ಹಾಕಿ, ರಾಜ್ಯಕ್ಕೆ ಒಳ್ಳೆಯದನ್ನೇ ಮಾಡಿದ್ದಾನೆ. ಅವನ ಪಾತ್ರದ ಕೆಲಸವೇ ಅದು. ಈ ಮಾತನ್ನು ಅವನಿಗೆ ನೀವು ಬಾಯಿ ಬಿಟ್ಟು ಹೇಳಬೇಕು.

ಖಜಾನೆ ತುಂಬಲು ಎರಡನೆಯ ಕಾರಣವೂ ಇದೆ, ಅದನ್ನು ಬಹಳ ಜನ ಗಮನಿಸುವುದಿಲ್ಲ. ಬರುವುದು ಜಾಸ್ತಿ, ಹೋಗುವ ದಾರಿ ಕಡಿಮೆ. 11ರಿಂದ 25 ಹೆಕ್ಸ್‌ವರೆಗಿನ ರಾಜ್ಯ ತಿಂಗಳಿಗೆ ಎರಡೇ ಕಟ್ಟಡ ಕಟ್ಟಬಹುದು, ಮನೆಗಳನ್ನು ಬಿಟ್ಟು. ಎರಡೇ ಹೆಕ್ಸ್ ಸೇರಿಸಿಕೊಳ್ಳಬಹುದು. ಮಿಕ್ಕ ಬಿಪಿ ಖಜಾನೆಯಲ್ಲೇ ಕೂರುತ್ತದೆ. ನಿಮ್ಮ 190 ಬಂದದ್ದು ಹೀಗೆ.

ಸರಿ, ಈಗ ದಾರಿಗಳು.

ಹಳೆಯ ನಿಯಮದಲ್ಲೇ ಉಳಿದು, ಮಾರಾಟ ಮಾತ್ರ ನಿಲ್ಲಿಸಬಹುದು. ಕೇಳಲು ಸುಲಭ. ಆದರೆ ಮೇಲಿನ ಲೆಕ್ಕ ನೋಡಿ, 19 ಇದ್ದದ್ದು ಒಂದೇ ಏಟಿಗೆ 3ಕ್ಕೆ ಇಳಿಯುತ್ತದೆ. ಡೈಸ್ ಎರಡು ತಿಂಗಳು ಕೈ ಕೊಟ್ಟರೆ ಏನೂ ಕಟ್ಟಲಾಗುವುದಿಲ್ಲ. ಪ್ಲೇಯರ್‌ಗಳಿಗೆ ಅದು ಶಿಕ್ಷೆ ಅನಿಸುತ್ತದೆ. ಇಡೀ ರಾಜ್ಯಕ್ಕೆ ತಿಂಗಳಿಗೆ ಒಂದೇ ಮಾರಾಟ ಎಂಬ ಮಿತಿ ಹಾಕಿಕೊಂಡರೆ 11 ಉಳಿಯುತ್ತದೆ. ನಿಮ್ಮ ಕ್ಯಾಂಪೇನ್ ಇನ್ನು ಕೆಲವೇ ತಿಂಗಳಲ್ಲಿ ಮುಗಿಯುವುದಿದ್ದರೆ ಇಷ್ಟು ಮಾಡಿ, ಬೇರೇನೂ ಮುಟ್ಟಬೇಡಿ.

ಅಲ್ಟಿಮೇಟ್ ಕ್ಯಾಂಪೇನ್ ಎರಡನೆಯ ದಾರಿ. ಇಲ್ಲಿ ತೆರಿಗೆಯನ್ನು 3ರಿಂದ ಭಾಗಿಸುತ್ತಾರೆ. ಅದೇ 45ಕ್ಕೆ 15 ಬಿಪಿ, ಖರ್ಚು ಕಳೆದು 9. ಅಂಗಡಿಯ ಮಾಂತ್ರಿಕ ವಸ್ತುಗಳನ್ನು ರಾಜ್ಯ ಮಾರುವಂತಿಲ್ಲ, ಅವು ಆ ವ್ಯಾಪಾರಿಗಳ ಸ್ವತ್ತು ಅಂತ ಪುಸ್ತಕ ನೇರವಾಗಿ ಹೇಳುತ್ತದೆ. ಪಾತ್ರಗಳು ಸಾಹಸದಲ್ಲಿ ಗೆದ್ದು ತಂದ ದುಬಾರಿ ವಸ್ತುಗಳನ್ನು ಮಾರಲು ಅಡ್ಡಿ ಇಲ್ಲ. ಹಾಗಾಗಿ 19 ಅಲ್ಲ, 3 ಅಲ್ಲ, 9. ಫಾರ್ಮ್ ಕಟ್ಟಿದವನ ಕೆಲಸಕ್ಕೂ ಬೆಲೆ ಬರುತ್ತದೆ, ಯಾಕೆಂದರೆ ಆ 18 ಬಿಪಿ ಉಳಿತಾಯ ಇಲ್ಲದಿದ್ದರೆ ರಾಜ್ಯ ಸಾಲಕ್ಕೆ ಬೀಳುತ್ತಿತ್ತು.

ಇದರ ಕುಂದುಗಳನ್ನೂ ಹೇಳಬೇಕು. ಎಲ್ಲ ಕಟ್ಟಡಗಳ ಬೆಲೆ, ಲಾಭಗಳನ್ನು ಹೊಸ ಪಟ್ಟಿಯ ಎದುರಿಗಿಟ್ಟು ನೋಡಬೇಕು, ಕೆಲವು ಬದಲಾಗಿವೆ. ಒಂದು ಸಂಜೆಯ ಕೆಲಸ. ಊರಿಗೆ ಅಪರಾಧ, ಕಾನೂನು, ವಿದ್ಯೆ, ಸಮಾಜ ಅಂತ ಇನ್ನಷ್ಟು ಅಂಕಿಗಳನ್ನು ಪುಸ್ತಕ ಕೊಡುತ್ತದೆ. ನಿಮ್ಮ ಟೇಬಲ್‌ನಲ್ಲಿ ಅವುಗಳನ್ನು ಯಾರೂ ಬಳಸುವುದಿಲ್ಲ ಅಂದರೆ ಬರೆಯಲೇಬೇಡಿ, ಲೆಕ್ಕ ಕೆಡುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಕುಂದು ಇದು: ಅಲ್ಟಿಮೇಟ್ ಕ್ಯಾಂಪೇನ್ ಕೂಡ ಮುಂದೆ ಹೋದಂತೆ ಸಡಿಲವಾಗುತ್ತದೆ. ಕಂಟ್ರೋಲ್ ಡಿಸಿ, ಅಂದರೆ ರಾಜ್ಯ ನಡೆಸುವ ಕಷ್ಟದ ಅಂಕಿ, 20ಕ್ಕೆ ಹೆಕ್ಸ್‌ಗಳ ಸಂಖ್ಯೆಯನ್ನೂ ಡಿಸ್ಟ್ರಿಕ್ಟ್‌ಗಳ ಸಂಖ್ಯೆಯನ್ನೂ ಕೂಡಿದಷ್ಟು. ಇವತ್ತು ನಿಮಗೆ 44. ಹೆಕ್ಸ್ ಸೇರಿಸಿದರೆ ಡಿಸಿ ಏರುತ್ತದೆ. ಆದರೆ ಒಂದು ಡಿಸ್ಟ್ರಿಕ್ಟ್‌ನಲ್ಲಿ 36 ಜಾಗಗಳಿವೆ, ಅಷ್ಟೂ ಜಾಗದಲ್ಲಿ ಕಟ್ಟಡ ಕಟ್ಟಿ ಅಂಕಿ ಏರಿಸಿಕೊಂಡರೂ ಡಿಸಿ ಏರುವುದು ಒಂದೇ ಒಂದು. ಹಾಗಾಗಿ ನೆಲ ಹಿಗ್ಗಿಸದೆ ಊರನ್ನೇ ತುಂಬಿಸುತ್ತಾ ಹೋದವರಿಗೆ ಕೊನೆಗೆ ಡೈಸ್‌ನಲ್ಲಿ 1 ಬಿದ್ದರೆ ಮಾತ್ರ ಸೋಲು. ಆ 40 ಹೆಕ್ಸ್ ರಾಜ್ಯಕ್ಕೆ ಡಿಸಿ 64, ಎಕಾನಮಿ +70. ಡೈಸ್ ಹಾಕುವ ಅಗತ್ಯವೇ ಉಳಿಯುವುದಿಲ್ಲ, ಅಲ್ವಾ?

ಈ ಸಡಿಲಕ್ಕೆ ಮದ್ದು ನಿಯಮದೊಳಗೇ ಇದೆ: ಸೈನ್ಯ ಮತ್ತು ಅನ್‌ರೆಸ್ಟ್. ಸೈನ್ಯದ ಖರ್ಚು ವಾರಕ್ಕೊಮ್ಮೆ. ಅದರ ಬಲದ ಅಂಕಿಯ ಅರ್ಧದಷ್ಟು ಬಿಪಿ. ಬಲ 6 ಇರುವ ಒಂದು ಪಡೆ ವಾರಕ್ಕೆ 3, ತಿಂಗಳಿಗೆ 12 ತಿನ್ನುತ್ತದೆ. ಅನ್‌ರೆಸ್ಟ್ ಅಂದರೆ ಜನರ ಅಸಮಾಧಾನ. ಅದು ಎಷ್ಟಿದೆಯೋ ಅಷ್ಟು ಮೂರೂ ಚೆಕ್‌ಗಳಿಂದ ಕಳೆಯುತ್ತದೆ. 11 ಮುಟ್ಟಿದರೆ ಹೆಕ್ಸ್‌ಗಳು ಕೈ ತಪ್ಪಲು ಶುರು, 20 ಆದರೆ ಅರಾಜಕತೆ. ಘಟನೆಗಳ ಮೂಲಕ ಇದನ್ನು ಅಲುಗಾಡಿಸುತ್ತಿರುವುದು ಜಿಎಂ ಕೆಲಸ. ಲೆಜೆಂಡರಿ ಗೇಮ್ಸ್‌ನವರ ಅಲ್ಟಿಮೇಟ್ ರೂಲರ್‌ಶಿಪ್ ಅಂತ ಇನ್ನೊಂದು ಪುಸ್ತಕ ಇದೆ, ಅಲ್ಟಿಮೇಟ್ ಕ್ಯಾಂಪೇನ್ ಮೇಲೆ ಇನ್ನಷ್ಟು ಕಟ್ಟಡ, ಆಜ್ಞೆಗಳನ್ನು ಸೇರಿಸುತ್ತದೆ. ಒಳ್ಳೆಯ ಕೆಲಸ, ಆದರೆ ಲೆಕ್ಕಕ್ಕೇ ಬೇಸರಪಡುವ ಮೂವರು ಇರುವ ಟೇಬಲ್‌ಗೆ ಈಗ ಬೇಡ.

2022ರದ್ದು ಮೂರನೆಯ ದಾರಿ. ಇದನ್ನು ನಿಮ್ಮ ಈ ಕ್ಯಾಂಪೇನ್‌ಗೆ ನಾನು ಒಪ್ಪುವುದಿಲ್ಲ. ಕಾರಣಗಳು ಎರಡು. ನಿಮ್ಮ ರಾಜ್ಯಕ್ಕೆ ಲೆವೆಲ್ ಇಲ್ಲ, ಸ್ಕಿಲ್ ಇಲ್ಲ. ಎಲ್ಲವನ್ನೂ ಹೊಸದಾಗಿ ಊಹಿಸಿ ಕೊಡಬೇಕು. ಆಗ ನೀವು ಹೆದರಿದಂತೆ ಆಡಿದ್ದೆಲ್ಲ ನಿಜಕ್ಕೂ ಅಳಿಸಿಹೋದಂತಾಗುತ್ತದೆ. ಇನ್ನೊಂದು, ಕೆಲಸದ ಭಾರ. ನಾಯಕ ಸ್ಥಾನದಲ್ಲಿರುವ ಪ್ರತಿ ಪ್ಲೇಯರ್ ಒಂದು ಸರದಿಯಲ್ಲಿ ಎರಡು ಕೆಲಸ ಮಾಡಬಹುದು. ನಾಲ್ವರಿಗೆ ಎಂಟು. ನೆಲದ ಕೆಲಸ ಎಲ್ಲರೂ ಸೇರಿ ಮೂರು. ಪ್ರತಿ ಊರಿಗೆ ಒಂದು. ಹನ್ನೆರಡು ಕೆಲಸ, ಹೆಚ್ಚಿನವಕ್ಕೆ ಚೆಕ್. ಹಳೆಯ ಎರಡು ನಿಯಮಗಳಲ್ಲಿ ತಿಂಗಳಿಗೆ ಬೀಳುವುದು ಬೆರಳೆಣಿಕೆಯ ಡೈಸ್.

ಆದರೂ ಹೊಸದರಲ್ಲಿ ಒಂದು ನಿಜವಾದ ಗುಣ ಇದೆ, ಅದನ್ನು ನಿಮ್ಮ ಗೆಳೆಯ ಗುರುತಿಸಿದ್ದಾನೆ. ಎಲ್ಲರ ಕೈಗೂ ಡೈಸ್ ಬರುತ್ತದೆ. ಲೆಕ್ಕ ಒಬ್ಬನ ಸ್ವತ್ತಾಗುವುದಿಲ್ಲ. ಆ ಗುಣವನ್ನು ಮಾತ್ರ ಹೇಗೆ ತರುವುದು ಅಂತ ಕೆಳಗೆ ಹೇಳುತ್ತೇನೆ. ಮುಂದೆ ಎಂದಾದರೂ ಎರಡನೆಯ ಆವೃತ್ತಿಯಲ್ಲಿ ಹೊಸ ಕಥೆ ಶುರು ಮಾಡಿದರೆ ಆ ಪುಸ್ತಕವನ್ನೇ ಹಿಡಿಯಿರಿ. ಆದರೆ ಒಂದು ಎಚ್ಚರ ಇರಲಿ. ಮೊದಲ ಲೆವೆಲ್‌ನಲ್ಲಿ ಕಂಟ್ರೋಲ್ ಡಿಸಿ 14. ರಾಜ್ಯ ಕಲಿಯದ ಸ್ಕಿಲ್‌ನಲ್ಲಿ +1 ಇದ್ದರೆ 13 ಅಥವಾ ಮೇಲೆ ಬೀಳಬೇಕು. ಐದರಲ್ಲಿ ಮೂರು ಸಲ ಸೋಲು. ಸೋಲು ಹಾನಿ ತರುತ್ತದೆ, ಹಾನಿ ಮತ್ತೆ ಸೋಲು ತರುತ್ತದೆ. ಇದಕ್ಕೇ ಅಭಿಮಾನಿಗಳು ಆ ನಿಯಮವನ್ನು ತಿದ್ದಿದ ಆವೃತ್ತಿಗಳನ್ನು ಮಾಡಿಕೊಂಡಿದ್ದಾರೆ, ಬಹಳ ಟೇಬಲ್‌ಗಳು ಅವನ್ನೇ ಬಳಸುತ್ತವೆ. ಹೊಸದರಲ್ಲಿ ಎಲ್ಲ ಸರಿ ಮಾಡಿದ್ದಾರೆ ಎಂಬ ಮಾತು ಅಲ್ಲಿಗೆ ಬಿದ್ದುಹೋಗುತ್ತದೆ.

ರಾಜ್ಯವನ್ನು ಹಿನ್ನೆಲೆಗೆ ತಳ್ಳಿ, ಲೆಕ್ಕ ಬಿಟ್ಟು, ಕಥೆ ಮಾತ್ರ ಆಡುವ ದಾರಿಯೂ ಇದೆ. 2010ರ ಪುಸ್ತಕಗಳೇ ಅದಕ್ಕೆ ಅವಕಾಶ ಕೊಟ್ಟಿದ್ದವು. ನಾಲ್ವರಲ್ಲಿ ನಾಲ್ವರಿಗೂ ಲೆಕ್ಕ ಬೇಡವಾಗಿದ್ದರೆ ಅದನ್ನೇ ಹೇಳುತ್ತಿದ್ದೆ. ನಿಮ್ಮಲ್ಲಿ ಒಬ್ಬನಿಗೆ ಅದೇ ಪ್ರಾಣ. ಅವನ ಆಟ ಕಿತ್ತುಕೊಳ್ಳಬೇಡಿ.

ಹಾಗಾಗಿ ನನ್ನ ಸಲಹೆ ಅಲ್ಟಿಮೇಟ್ ಕ್ಯಾಂಪೇನ್. ದುಡ್ಡು ಕೊಟ್ಟು ಪುಸ್ತಕ ತರಿಸಬೇಕಾಗಿಲ್ಲ. ಅದರ ನಿಯಮಗಳು ಆರ್ಕೈವ್ಸ್ ಆಫ್ ನೆಥಿಸ್ ತಾಣದಲ್ಲಿ ಪ್ರಕಾಶಕರ ಒಪ್ಪಿಗೆಯಿಂದಲೇ ಉಚಿತವಾಗಿ ಸಿಗುತ್ತವೆ.

ಬದಲಿಸುವುದು ಹೇಗೆ? ಭಾನುವಾರ ಎಲ್ಲರೂ ಕೂತ ಮೇಲೆ ಹೇಳಬೇಡಿ. ಮೊದಲು ಖಜಾಂಚಿಯನ್ನು ಒಬ್ಬನನ್ನೇ ಚಹಾಕ್ಕೆ ಕರೆಯಿರಿ. ಮೇಲಿನ ಲೆಕ್ಕ ತೋರಿಸಿ. ಲೆಕ್ಕ ಬಲ್ಲವನು, ಅವನಿಗೇ ಬೇಗ ಅರ್ಥವಾಗುತ್ತದೆ. ಅವನು ಕಟ್ಟಿದ ಗೋಪುರಗಳು ಹಾಗೇ ಇರುತ್ತವೆ, 190 ಬಿಪಿಯಲ್ಲಿ ಒಂದೂ ಕಳೆಯುವುದಿಲ್ಲ ಅಂತ ಮಾತು ಕೊಡಿ. ಹಿಂದಿನದನ್ನು ಮುಟ್ಟದೆ ಮುಂದಿನ ತಿಂಗಳಿಂದ ಮಾತ್ರ ಹೊಸ ನಿಯಮ ಜಾರಿಯಾದರೆ ಆಡಿದ್ದು ಸುಳ್ಳಾಗುವುದಿಲ್ಲ. ಅವತ್ತಿನ ನಿಯಮದಲ್ಲಿ ಅವತ್ತು ಗೆದ್ದದ್ದು ನಿಜವಾಗಿಯೂ ಗೆದ್ದದ್ದೇ.

ಆಮೇಲೆ ಈ ಬದಲಾವಣೆಯನ್ನೇ ಕಥೆ ಮಾಡಿ. ರಾಜಧಾನಿಯ ಮಂತ್ರವಾದಿಗಳು ಒಟ್ಟಾಗಿ ದರ್ಬಾರಿಗೆ ಬರಲಿ. "ಗೋಪುರ ನೀವು ಕಟ್ಟಿಸಿಕೊಟ್ಟಿರಿ, ಒಪ್ಪುತ್ತೇವೆ. ಆದರೆ ಒಳಗೆ ರಾತ್ರಿ ಹಗಲು ಕೂತು ಮಾಡಿದ್ದು ನಾವು. ನಮ್ಮ ಸರಕನ್ನು ತಿಂಗಳು ತಿಂಗಳು ಒಯ್ದು ಮಾರಿದರೆ ನಾವು ಬದುಕುವುದು ಹೇಗೆ?" ಪುಸ್ತಕ ಕೊಟ್ಟ ಕಾರಣವೇ ಅವರ ಬಾಯಲ್ಲಿ ಬರುತ್ತದೆ. ಖಜಾಂಚಿ ಅವರ ಜೊತೆ ಕೂತು ಒಪ್ಪಂದ ಮಾಡಲಿ. ಮಾರಾಟ ಬಿಟ್ಟುಕೊಟ್ಟರೆ ಪ್ರತಿಯಾಗಿ ಏನು ಸಿಗಬೇಕು ಅಂತ ಅವನೇ ಕೇಳಲಿ. ಒಂದು ಸಲದ ಕಾಣಿಕೆಯೋ, ಯುದ್ಧ ಬಂದರೆ ಮಂತ್ರವಾದಿಗಳ ನೆರವೋ. ನಿಯಮ ಕಳೆದುಕೊಂಡವನು ಅವನೇ, ಆ ದಿನದ ನಾಯಕನೂ ಅವನೇ ಆಗಲಿ.

ಇನ್ನು ಮೊಬೈಲ್ ನೋಡುವ ಮೂವರು. ತಿಂಗಳ ಲೆಕ್ಕವನ್ನು ಮೇಜಿನ ಮೇಲೆ ಮಾಡಬೇಡಿ. ಒಂದು ಎಕ್ಸೆಲ್ ಶೀಟ್ ಮಾಡಿ, ಎಲ್ಲರೂ ನೋಡುವಂತೆ ಇಡಿ. ಖರ್ಚು, ತೆರಿಗೆ, ಕಟ್ಟಡಗಳ ಕೂಡು-ಕಳೆ ಎಲ್ಲ ವಾರದ ನಡುವೆ ಖಜಾಂಚಿ ಮುಗಿಸಲಿ, ನೀವು ಒಮ್ಮೆ ಕಣ್ಣಾಡಿಸಿ. ಮೇಜಿಗೆ ಬರುವುದು ಮೂರೇ: ಘಟನೆ, ಜನರ ನಿಷ್ಠೆ, ಮುಂದೇನು ಕಟ್ಟುವುದು ಎಂಬ ನಿರ್ಧಾರ. ಈ ಮೂರರ ಡೈಸ್ ಮೂವರಿಗೆ ಹಂಚಿ. ಸ್ಟೆಬಿಲಿಟಿ ಚೆಕ್ ಯಾವಾಗಲೂ ಕಾವಲಿನ ಅಧಿಕಾರಿಯಾದ ಮಾರ್ಷಲ್ ಹಾಕಲಿ, ಲಾಯಲ್ಟಿಯದು ದೊರೆ ಹಾಕಲಿ. ಸೋತರೆ ಯಾಕೆ ಸೋತಿತು ಅಂತ ಹಾಕಿದವರೇ ಒಂದು ವಾಕ್ಯದಲ್ಲಿ ಹೇಳಲಿ. "ತೊಗರಿ ಕಟಾವಿನ ಹೊತ್ತಿಗೆ ಕಾವಲಿಗೆ ಜನ ಸಿಗಲಿಲ್ಲ" ಎಂದು ಮಾರ್ಷಲ್ ಹೇಳಿದ ಕೂಡಲೇ ಮುಂದಿನ ಸಾಹಸ ನಿಮ್ಮ ಕೈಗೆ ಬಂತು. ಹೊಸ ಪುಸ್ತಕದ ಒಳ್ಳೆಯ ಗುಣ ಅಂದದ್ದು ಇದನ್ನೇ, ಪುಸ್ತಕ ಬದಲಿಸದೆ ತಂದಂತಾಯಿತು. ಪ್ರತಿ ಭಾನುವಾರ ಒಂದು ತಿಂಗಳು ಆಡಬೇಕಾಗಿಲ್ಲ. ಕಥೆಗೆ ಬಿಡುವು ಸಿಕ್ಕಾಗ ಮೂರು ತಿಂಗಳು ಒಟ್ಟಿಗೆ ಆಡಿ.

ಉಳಿದದ್ದು 190 ಬಿಪಿ. ಅದನ್ನು ಕಸಿದುಕೊಳ್ಳದೆ, ಖರ್ಚಾಗುವ ದಾರಿ ತೆರೆಯಿರಿ. ಇಲ್ಲಿ ನಿಮ್ಮ ನಕ್ಷೆಯೇ ನಿಮಗೆ ಸಹಾಯ ಮಾಡುತ್ತದೆ. ನಿಮ್ಮ ರಾಜ್ಯ ಬೀದರ್ ಜಿಲ್ಲೆಯಷ್ಟಿದೆ ಅಂದೆನಲ್ಲ, ಅಷ್ಟು ನೆಲವನ್ನು ಒಂದೇ ಊರಿಂದ ಆಳುವುದು ಕಷ್ಟ. 1347ರಲ್ಲಿ ಶುರುವಾದ ಬಹಮನಿ ರಾಜ್ಯ ಮೊದಲು ನಮ್ಮ ಕಲಬುರಗಿಯಿಂದ, ಆಮೇಲೆ ನಿಮ್ಮ ಬೀದರಿನಿಂದ ಆಳಿತು. ನಾಲ್ಕು ತರಫ್‌ಗಳು, ಅಂದರೆ ನಾಲ್ಕು ಪ್ರಾಂತ. ತರಫ್‌ದಾರರು ಬಲಿತರು. ಮಂತ್ರಿ ಮಹಮೂದ್ ಗವಾನ್ ನಾಲ್ಕನ್ನು ಎಂಟು ಮಾಡಿದ. ಒಬ್ಬೊಬ್ಬ ತರಫ್‌ದಾರನ ಕೈಯಲ್ಲಿ ಒಂದೊಂದೇ ಕೋಟೆ ಬಿಟ್ಟು ಉಳಿದವನ್ನು ಸುಲ್ತಾನನ ಕೈಗೆ ತಂದ. ಅಮೀರರಿಗೆ ಸಿಟ್ಟು ಬಂತು. ಖೋಟಾ ಪತ್ರ ತೋರಿಸಿ ಸುಲ್ತಾನನ ಕಿವಿ ಊದಿದರು, 1481ರಲ್ಲಿ ಗವಾನನನ್ನು ಕೊಲ್ಲಿಸಲಾಯಿತು. ಮುಂದೆ ರಾಜ್ಯ ಐದಾಗಿ ಒಡೆಯಿತು. ಅವನು ಕಟ್ಟಿಸಿದ ಮದರಸಾ ನಿಮ್ಮ ಊರ ನಡುವೆಯೇ ಇದೆ, ನೀವು ದಿನಾ ನೋಡುತ್ತೀರಿ.

ಇದನ್ನು ನಿಯಮಕ್ಕೆ ಇಳಿಸಲು ಅಲ್ಟಿಮೇಟ್ ಕ್ಯಾಂಪೇನ್‌ನಲ್ಲಿ ಜಾಗ ಇದೆ. 2010ರದ್ದರಲ್ಲಿಲ್ಲದ ವೈಸ್‌ರಾಯ್ ಸ್ಥಾನ ಇದೆ, ಸಾಮಂತರನ್ನು ನೇಮಿಸುವ ಆಜ್ಞೆ ಇದೆ. ಬಸವಕಲ್ಯಾಣದ ಕಡೆ ಎರಡನೆಯ ಊರು ಹಾಕಿಸಿ. ಅದಕ್ಕೆ ಒಬ್ಬ ವೈಸ್‌ರಾಯ್ ಬೇಕು. ಪ್ಲೇಯರ್‌ಗಳಲ್ಲಿ ಒಬ್ಬ ಹೋಗುತ್ತಾನಾ, ಅಥವಾ ನಂಬಿಕೆ ಇಲ್ಲದ ಒಬ್ಬ ಅಮೀರನಿಗೆ ಕೊಡುತ್ತಾರಾ? ಊರು ಕಟ್ಟಲು, ರಸ್ತೆಗೆ, ಗೋಡೆಗೆ ಬಿಪಿ ಹೋಗುತ್ತದೆ. ಗಡಿ ಕಾಯಲು ಬಲ 6ರ ಎರಡು ಪಡೆ ಇಟ್ಟರೆ ತಿಂಗಳಿಗೆ 24. ಉಳಿತಾಯ 9, ಖರ್ಚು 24. ತಿಂಗಳಿಗೆ 15 ಕಡಿಮೆ ಬೀಳುತ್ತದೆ. ಏನೂ ಕಟ್ಟದಿದ್ದರೂ 190 ಒಂದು ವರ್ಷಕ್ಕೆ ಸಾಕು, ಕಟ್ಟಿದರೆ ಅದಕ್ಕೂ ಮೊದಲೇ ಮುಗಿಯುತ್ತದೆ. ಪಡೆಯನ್ನು ಬಿಡುವುದೋ, ತೆರಿಗೆ ಏರಿಸಿ ಲಾಯಲ್ಟಿ ಇಳಿಸಿಕೊಳ್ಳುವುದೋ, ಮಂತ್ರವಾದಿಗಳ ಹತ್ತಿರ ಮತ್ತೆ ಹೋಗಿ ಕೇಳುವುದೋ, ನಾಲ್ವರೂ ಕೂತು ಜಗಳವಾಡಬೇಕಾಗುತ್ತದೆ. ಆ ಜಗಳದಲ್ಲಿ ಯಾರೂ ಮೊಬೈಲ್ ತೆಗೆಯುವುದಿಲ್ಲ.

ಮುಂದಿನ ಭಾನುವಾರಕ್ಕೆ ಕಟ್ಟಡಗಳ ಪಟ್ಟಿಯನ್ನು ಹೊಸ ಬೆಲೆಗಳ ಜೊತೆ ಹೋಲಿಸಿ ಮುಗಿಸಿ. ಎಕಾನಮಿ +35 ಸ್ವಲ್ಪ ಮೇಲೆ ಕೆಳಗೆ ಆಗಬಹುದು. ನಾಲ್ಕೈದಕ್ಕಿಂತ ಜಾಸ್ತಿ ಇಳಿದರೆ ಆ ವ್ಯತ್ಯಾಸವನ್ನು ಮೊದಲ ಆರು ತಿಂಗಳು ಹಾಗೇ ತುಂಬಿಕೊಡಿ, ಆಮೇಲೆ ತೆಗೆಯಿರಿ. ಅಷ್ಟರಲ್ಲಿ ಅವರೇ ಕಟ್ಟಿಕೊಂಡಿರುತ್ತಾರೆ.